ಎಷ್ಟು ಇಟ್ಟರೆ ಎಷ್ಟು ಉಳಿಯುತ್ತದೆ, ಮೊದಲು ಲೆಕ್ಕ ಹೇಳಿ

ಮೊನ್ನೆ ಭಾನುವಾರ ತೀರ್ಥಹಳ್ಳಿಯಲ್ಲಿ ನೆಂಟರ ಮದುವೆ. ಎರಡನೇ ಪಂಕ್ತಿಗೆ ಊಟಕ್ಕೆ ಕೂತಿದ್ದೆವು. ನನ್ನ ಪಕ್ಕದಲ್ಲಿ ಚಿಕ್ಕಪ್ಪನ ಮಗಳು. ಅವಳಿಗೆ 33. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಎದುರು ಸಾಲಿನಿಂದ ಅತ್ತೆ ಕೇಳಿದರು, "ನಿನ್ನ ಮದುವೆ ಊಟ ಯಾವಾಗ ಹಾಕಿಸ್ತೀಯೆ ಮಾರಾಯ್ತಿ?" ಅವಳು ನಕ್ಕು ಸುಮ್ಮನಾದಳು. ಆಮೇಲೆ ನನ್ನ ಕಿವಿ ಹತ್ತಿರ ಬಗ್ಗಿ ಹೇಳಿದಳು:

"ಅಕ್ಕ, ನಂಗೆ ಈಗ ಆ ಟೆನ್ಶನ್ನೇ ಇಲ್ಲ. ಎಗ್ ಫ್ರೀಜಿಂಗ್ ಮಾಡಿಸ್ತಿದೀನಿ. ಕಂಪನಿನೇ ದುಡ್ಡು ಕೊಡುತ್ತೆ. ಇನ್ನು ನಲವತ್ತಕ್ಕೆ ನೋಡಿಕೊಂಡರಾಯ್ತು."

"ಎಷ್ಟು ಇಡಬೇಕು ಅಂತ ಹೇಳಿದಾರೆ?"

"ಎಂತ ಎಷ್ಟು?"

"ಎಷ್ಟು ಮೊಟ್ಟೆ?"

"ಅದೆಲ್ಲ ಹೇಳಿಲ್ಲ ಅಕ್ಕ. ಒಂದು ಸೈಕಲ್‌ದು ಪ್ಯಾಕೇಜ್."

ಎಗ್ ಫ್ರೀಜಿಂಗ್ ಅಂದರೆ ಹೆಂಗಸಿನ ಅಂಡಾಶಯದಿಂದ ಮೊಟ್ಟೆ ತೆಗೆದು, ಮುಂದೆ ಮಗು ಬೇಕಾದಾಗ ಬಳಸಲು ಹೆಪ್ಪುಗಟ್ಟಿಸಿ ಇಡುವುದು. ಇಂಜೆಕ್ಷನ್ ಕೊಟ್ಟು ಒಂದು ಸಲ ಮೊಟ್ಟೆ ತೆಗೆದರೆ ಅದು ಒಂದು ಸೈಕಲ್. ಆಮೇಲೆ ಬಡಿಸಿದ ಪಾಯಸ ನನಗೆ ಇಳಿಯಲಿಲ್ಲ. ಅವಳ ಮೇಲೆ ಸಿಟ್ಟಲ್ಲ. 33 ವರ್ಷದ, ಓದಿದ, ಬುದ್ಧಿವಂತ ಹುಡುಗಿಯನ್ನು ಕೂರಿಸಿಕೊಂಡು ಮುಕ್ಕಾಲು ಗಂಟೆ ಮಾತಾಡಿ, ಮುಖ್ಯವಾದ ಒಂದು ಲೆಕ್ಕವನ್ನೇ ಹೇಳದೆ ಕಳಿಸಿದ್ದಾರಲ್ಲ, ಆ ಕ್ಲಿನಿಕ್‌ನವರ ಮೇಲೆ ಸಿಟ್ಟು. ನಾಲ್ಕು ದಿನ ಆಯಿತು, ಇನ್ನೂ ಇಳಿದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾವು ಅಡಿಕೆಯವರು. ಚೇಣಿ, ಅಂದರೆ ಫಸಲಿನ ಗುತ್ತಿಗೆ, ಮಾತಾಡುವಾಗ ಒಂದು ಕ್ವಿಂಟಲ್ ಹಸಿ ಅಡಿಕೆಗೆ ಎಷ್ಟು ಕೆಜಿ ಒಣ ಅಡಿಕೆ ಅಂತ ಅಂಗಳದಲ್ಲಿ ನಿಂತು ಗಂಟೆಗಟ್ಟಲೆ ಚರ್ಚೆ ಮಾಡುತ್ತೇವೆ. ಸುಲಿದು, ಬೇಯಿಸಿ, ಒಣಗಿಸಿದ ಮೇಲೆ ಕೈಗೆ ಬರುವುದು ಎಷ್ಟು ಅಂತ ಚಿಕ್ಕ ಹುಡುಗರಿಗೂ ಗೊತ್ತು. ಹಸಿ ಅಡಿಕೆ ಗೊನೆ ನೋಡಿ ಅದೇ ತೂಕಕ್ಕೆ ಯಾರೂ ದುಡ್ಡು ಎಣಿಸುವುದಿಲ್ಲ. ಮೊಟ್ಟೆಯ ವಿಷಯವೂ ಹಾಗೇ. ಇಟ್ಟಿದ್ದು ಹಸಿ. ಕೊನೆಗೆ ಕೈಗೆ ಬರುವುದು ಬೇರೆ.

ಈಗ ಒಂದು ಮಾತು. ನಾನು ಬ್ಯಾಂಕ್ ಕೆಲಸ ಬಿಟ್ಟು ತೋಟಕ್ಕೆ ಬಂದಿದ್ದು ನಿಮಗೆಲ್ಲ ಗೊತ್ತು. 39ಕ್ಕೆ ಮದುವೆಯಾಗಿದ್ದೂ ಗೊತ್ತು, ನಿಮ್ಮಲ್ಲಿ ಸುಮಾರು ಜನ ಬಂದಿದ್ದಿರಿ. ಮಕ್ಕಳಿಲ್ಲ ಅನ್ನುವುದೂ ಗೊತ್ತು. ಗೊತ್ತಿಲ್ಲದ್ದು ಇದು: 2018ರಲ್ಲಿ, ನನ್ನ 37ನೇ ವಯಸ್ಸಿನಲ್ಲಿ, ನಾನೂ ಮೊಟ್ಟೆ ಫ್ರೀಜ್ ಮಾಡಿಸಿ ಇಟ್ಟಿದ್ದೆ. ಒಂಬತ್ತು. "ಒಂಬತ್ತು ತುಂಬಾ ಚೆನ್ನಾಗಿದೆ" ಅಂದಿದ್ದರು. ನಾನು ನಂಬಿದೆ. ಆ ಖುಷಿಯಲ್ಲಿ ನಾಲ್ಕು ವರ್ಷ ನಿದ್ದೆ ಮಾಡಿದೆ.

2022ರಲ್ಲಿ ಹೊರಗೆ ತೆಗೆದರು. ಒಂಬತ್ತರಲ್ಲಿ ಏಳು ಬದುಕಿದ್ದವು. ಏಳರಲ್ಲಿ ಐದು ಫಲಿಸಿದವು. ಐದನೇ ದಿನದ ತನಕ ಬೆಳೆದದ್ದು ಎರಡು. ಒಂದಾದ ಮೇಲೆ ಒಂದು, ಎರಡನ್ನೂ ಗರ್ಭಕೋಶಕ್ಕೆ ಹಾಕಿದರು. ಎರಡೂ ನಿಲ್ಲಲಿಲ್ಲ.

ಇದರಲ್ಲಿ ಯಾರ ಕೈತಪ್ಪೂ ಇಲ್ಲ ಅಂತ ಆಮೇಲೆ ಗೊತ್ತಾಯಿತು. ಈ ಕೆಲಸ ನಡೆಯುವುದೇ ಹೀಗೆ. ಈಗಿನ ವಿಧಾನದಲ್ಲಿ ಹೊರಗೆ ತೆಗೆದಾಗ ಸಾಮಾನ್ಯವಾಗಿ ನೂರಕ್ಕೆ 80-90 ಮೊಟ್ಟೆ ಉಳಿಯುತ್ತವೆ. ಆಮೇಲೆ ಒಂದೊಂದು ಮೊಟ್ಟೆಯೊಳಗೂ ಒಂದು ವೀರ್ಯಾಣುವನ್ನು ಸೂಜಿಯಿಂದ ಇಡುತ್ತಾರೆ. ಅಲ್ಲಿ ಸ್ವಲ್ಪ ಹೋಗುತ್ತದೆ. ಭ್ರೂಣ ಬೆಳೆಯುವಾಗ ಇನ್ನಷ್ಟು. ವಯಸ್ಸು ಹೆಚ್ಚಾದಷ್ಟೂ ಮೊಟ್ಟೆಯ ಕ್ರೋಮೋಸೋಮ್‌ಗಳಲ್ಲಿ ದೋಷ ಜಾಸ್ತಿ. ಹಾಗಾಗಿ ಎಷ್ಟೋ ಭ್ರೂಣಗಳು ಅರ್ಧದಲ್ಲೇ ನಿಂತುಬಿಡುತ್ತವೆ.

ನನ್ನ ಹೊಟ್ಟೆ ಉರಿಯುವುದು ಎಲ್ಲಿ ಗೊತ್ತಾ? 2017ರಲ್ಲೇ ಅಮೆರಿಕದ ಸಂಶೋಧಕರು ಒಂದು ಲೆಕ್ಕ ಪ್ರಕಟಿಸಿದ್ದರು. ಕನಿಷ್ಠ ಒಂದು ಮಗು ಆಗುವ ಸಾಧ್ಯತೆ ನೂರಕ್ಕೆ 75 ಇರಬೇಕಾದರೆ ಎಷ್ಟು ಮೊಟ್ಟೆ ಬೇಕು ಅನ್ನುವ ಅಂದಾಜು. 34ನೇ ವಯಸ್ಸಿನಲ್ಲಿ ಇಟ್ಟರೆ 10. 37ರಲ್ಲಿ 20. 42ರಲ್ಲಿ 61. ಮತ್ತೊಮ್ಮೆ ಓದಿ. 37ಕ್ಕೆ ಇಪ್ಪತ್ತು ಬೇಕಿತ್ತು. ನಾನು ಒಂಬತ್ತು ಇಟ್ಟು ಮನೆಗೆ ಬಂದೆ. ನಾನು ಆ ಕುರ್ಚಿಯಲ್ಲಿ ಕೂತಾಗ ಆ ಲೆಕ್ಕ ಬಂದು ಒಂದು ವರ್ಷವಾಗಿತ್ತು. ಒಂದು ಚೀಟಿಯಲ್ಲಿ ಬರೆದು ತೋರಿಸಿದ್ದರೆ ಸಾಕಿತ್ತು. ಇನ್ನೊಂದು ಸೈಕಲ್ ಮಾಡಿಸುತ್ತಿದ್ದೆ. ಇಲ್ಲ, ಇಷ್ಟೇ ಅಂತ ಗೊತ್ತಿದ್ದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಎರಡರಲ್ಲಿ ಯಾವುದು ಅಂತ ನಾನು ನಿರ್ಧರಿಸಬೇಕಿತ್ತು, ಅಲ್ವಾ?

ವಿಜ್ಞಾನದ ಮೇಲೆ ನನಗೆ ಸಿಟ್ಟಿಲ್ಲ. ನಮ್ಮೂರಿಗೆ ದನದ ಡಾಕ್ಟರು ನೈಟ್ರೋಜನ್ ಕ್ಯಾನ್ ತರುತ್ತಾರಲ್ಲ, ಮುಚ್ಚಳ ತೆಗೆದರೆ ಬಿಳಿ ಹೊಗೆ ಬರುತ್ತದೆ, ಕಡ್ಡಿಯಂಥ ನಳಿಗೆಯಲ್ಲಿ ಹೋರಿಯ ವೀರ್ಯ ಇರುತ್ತದೆ. ಅದೇ ದ್ರವ ನೈಟ್ರೋಜನ್‌ನಲ್ಲಿ, ಸೊನ್ನೆಗಿಂತ 196 ಡಿಗ್ರಿ ಕೆಳಗೆ, ನನ್ನ ಒಂಬತ್ತೂ ಇದ್ದವು. ವೀರ್ಯಾಣು ಸಣ್ಣದು, ಅದನ್ನು ಹೆಪ್ಪುಗಟ್ಟಿಸುವುದು ಎಷ್ಟೋ ಹಿಂದೆಯೇ ಕೈಗೆ ಸಿಕ್ಕಿತ್ತು. ಮೊಟ್ಟೆ ದೊಡ್ಡ ಕೋಶ, ಒಳಗೆಲ್ಲ ನೀರು. ನಿಧಾನ ತಣ್ಣಗಾದರೆ ಒಳಗೆ ಐಸ್ ಹರಳು ಕಟ್ಟಿ ಹರಿದುಹೋಗುತ್ತದೆ. 1986ರಲ್ಲಿ ಆಸ್ಟ್ರೇಲಿಯಾದಲ್ಲಿ ಫ್ರೀಜ್ ಮಾಡಿದ ಮೊಟ್ಟೆಯಿಂದ ಮೊದಲ ಹೆರಿಗೆ ಆಯಿತು. ಆದರೂ ಬಹಳ ವರ್ಷ ಇದು ಕಷ್ಟದ ಕೆಲಸವಾಗೇ ಉಳಿದಿತ್ತು. ಕಣ್ಣು ಮಿಟುಕಿಸುವಷ್ಟರಲ್ಲಿ ಗಾಜಿನ ಹಾಗೆ ಗಟ್ಟಿ ಮಾಡುವ ವಿಧಾನ ಬಂದ ಮೇಲೆ ದಾರಿ ಆಯಿತು. 2012ರಲ್ಲಿ ಅಮೆರಿಕದ ಸಂತಾನ ಚಿಕಿತ್ಸೆಯ ವೈದ್ಯರ ಸಂಘ ಇದನ್ನು "ಪ್ರಯೋಗ" ಅನ್ನುವ ಪಟ್ಟಿಯಿಂದ ತೆಗೆಯಿತು.

ಇದರಿಂದ ಮಕ್ಕಳಾದವರು ಎಷ್ಟೋ ಜನ ಇದ್ದಾರೆ. 2022ರಲ್ಲಿ ನ್ಯೂಯಾರ್ಕಿನ ಒಂದು ಆಸ್ಪತ್ರೆ ತನ್ನ 15 ವರ್ಷದ ದಾಖಲೆ ಬಿಚ್ಚಿಟ್ಟಿತು. ಇಟ್ಟ ಮೊಟ್ಟೆಯನ್ನು ಬಳಸಿದವರಲ್ಲಿ ನೂರಕ್ಕೆ 39 ಹೆಂಗಸರಿಗೆ ಮಗು ಆಗಿತ್ತು. ಅವರು ಇಟ್ಟಾಗಿನ ಸರಾಸರಿ ವಯಸ್ಸು 38. ಅದಕ್ಕಿಂತ ಮೊದಲೇ ಇಟ್ಟು, 20 ಅಥವಾ ಹೆಚ್ಚು ಮೊಟ್ಟೆ ಬಳಸಿದವರಲ್ಲಿ ನೂರಕ್ಕೆ 70. ನೋಡಿ, ಲೆಕ್ಕ ಹೇಳಿದರೆ ಆಸೆ ಸಾಯುವುದಿಲ್ಲ. ನನ್ನ ತಂಗಿಗೆ 33. ಅವಳಿಗೆ ಒಳ್ಳೆಯ ಅವಕಾಶವೇ ಇದೆ. ಅದನ್ನು ಸರಿಯಾಗಿ ಹೇಳಲು ಏನು ಕಷ್ಟ?

ಅತ್ತೆಗೆ ನಮ್ಮ ಪಿಸುಮಾತು ಕೇಳಿಸಿತ್ತು. ಕೈ ತೊಳೆಯುವ ಹತ್ತಿರ ಹಿಡಿದರು. "ಮೊಟ್ಟೆ ತೆಗೆಸಿದರೆ ಬೇಗ ಮುಟ್ಟು ನಿಂತು ಹೋಗ್ತದೆ" ಅಂದರು. ಇಲ್ಲ. ಹುಟ್ಟುವಾಗಲೇ ಹೆಣ್ಣುಮಗುವಿನಲ್ಲಿ 10ರಿಂದ 20 ಲಕ್ಷ ಮೊಟ್ಟೆ ಇರುತ್ತವೆ. ದೊಡ್ಡವಳಾಗುವಷ್ಟರಲ್ಲಿ ಮೂರು-ನಾಲ್ಕು ಲಕ್ಷ. ಹೊಸದು ಹುಟ್ಟುವುದಿಲ್ಲ. ಪ್ರತಿ ತಿಂಗಳು ಒಂದು ಗುಂಪು ಹೊರಡುತ್ತದೆ, ಅದರಲ್ಲಿ ಸಾಮಾನ್ಯವಾಗಿ ಒಂದು ಮಾತ್ರ ಬಲಿಯುತ್ತದೆ, ಉಳಿದದ್ದು ಕರಗಿ ಹೋಗುತ್ತದೆ. ಇಂಜೆಕ್ಷನ್ ಆ ತಿಂಗಳು ಹೇಗೂ ಕರಗಿ ಹೋಗುವವನ್ನು ಉಳಿಸಿ ಬಲಿಸುತ್ತದೆ, ಅಷ್ಟೇ. ಮುಂದಿನ ತಿಂಗಳ ಗಂಟಿಗೆ ಕೈ ಹಾಕುವುದಿಲ್ಲ.

ಅತ್ತೆಯ ಇನ್ನೊಂದು ಮಾತು ನೀವೂ ಕೇಳಿರುತ್ತೀರಿ. "ಇದೆಲ್ಲ ಯಾಕೆ, 25ಕ್ಕೆ ಮದುವೆ ಮಾಡಿಕೊಂಡರೆ ಮುಗೀತಲ್ಲ?" ವಯಸ್ಸು ಮುಖ್ಯ ಅನ್ನುವುದು ನಿಜ, 35 ದಾಟಿದ ಮೇಲೆ ಇಳಿಕೆ ಜೋರು ಅನ್ನುವುದೂ ನಿಜ. ಆದರೆ 25ಕ್ಕೆ ನನ್ನ ತಲೆ ಮೇಲೆ ಅಪ್ಪನ ಆಸ್ಪತ್ರೆ ಸಾಲ ಇತ್ತು, ತಮ್ಮನ ಓದು ಇತ್ತು. ಆಗ ಮದುವೆಯ ಮಾತೆತ್ತಿದ ಒಬ್ಬ ನೆಂಟರೂ ಸಾಲದ ಮಾತೆತ್ತಲಿಲ್ಲ. ಸರಿಯಾದ ಮನುಷ್ಯ ಸಿಗದೆ ಕಾದವರೂ ಇದ್ದಾರೆ. ಕಾದದ್ದು ತಪ್ಪೇ? ಗಂಡಸರಿಗೂ ವಯಸ್ಸಾದ ಹಾಗೆ ವೀರ್ಯಾಣುವಿನ ಗುಣ ಇಳಿಯುತ್ತದೆ. ನಮ್ಮ ಕಡೆ 40 ದಾಟಿದ ಹುಡುಗರು ಹೆಣ್ಣು ನೋಡುತ್ತಿದ್ದಾರೆ. ಅವರನ್ನು ಊಟದ ಪಂಕ್ತಿಯಲ್ಲಿ ಯಾರೂ ಇದನ್ನು ಕೇಳುವುದಿಲ್ಲ. ಅತ್ತೆಯ ಮಾತನ್ನು ನಾನು ಅಲ್ಲೇ ಬಿಟ್ಟು ಬಂದೆ.

ಇನ್ನು ನಮ್ಮಂಥ ಊರಿನವರಿಗೆ ಮಾತ್ರ ಗೊತ್ತಾಗುವ ಕಷ್ಟ. ಮುಟ್ಟಾದ ಎರಡನೇ ಅಥವಾ ಮೂರನೇ ದಿನದಿಂದ ಸಾಮಾನ್ಯವಾಗಿ 10-12 ದಿನ ಹೊಟ್ಟೆಗೆ ಇಂಜೆಕ್ಷನ್. ನಡುನಡುವೆ ರಕ್ತ ಪರೀಕ್ಷೆ, ಒಳಗಿನಿಂದ ಸ್ಕ್ಯಾನಿಂಗ್. ಕೊನೆಗೆ ಗಡಿಯಾರ ನೋಡಿಕೊಂಡು ಒಂದು ಇಂಜೆಕ್ಷನ್, ಅದಾಗಿ ಸುಮಾರು 36 ಗಂಟೆಗೆ ಮಂಪರು ಕೊಟ್ಟು ಸೂಜಿಯಿಂದ ಮೊಟ್ಟೆ ತೆಗೆಯುವುದು. ತೆಗೆಯುವುದು 20 ನಿಮಿಷದ ಕೆಲಸ. ಅದಕ್ಕೆ ಮೊದಲಿನ ಎರಡು ವಾರವೇ ಕಷ್ಟ. ಹೊಟ್ಟೆ ಉಬ್ಬುತ್ತದೆ, ಮನಸ್ಸು ಏರುಪೇರಾಗುತ್ತದೆ. ಕೆಲವರಿಗೆ ಅಂಡಾಶಯ ತೀರಾ ಊದಿ ಹೊಟ್ಟೆಯಲ್ಲಿ ನೀರು ತುಂಬುತ್ತದೆ. ಒಮ್ಮೆಲೇ ತೂಕ ಏರಿದರೆ, ಮೂತ್ರ ಕಡಿಮೆಯಾದರೆ, ಉಸಿರು ಕಟ್ಟಿದರೆ ತಡ ಮಾಡದೆ ಆಸ್ಪತ್ರೆಗೆ ಹೋಗಬೇಕು. ಇದನ್ನೂ ಮೊದಲೇ ಹೇಳಬೇಕು.

ನಾನು ಇಂಜೆಕ್ಷನ್ ಶುರು ಮಾಡಿದ ವಾರವೇ ಅಪ್ಪನ ತಿಥಿ. ಊರಿಗೆ ಬಂದೆ. ಜುಲೈ ತಿಂಗಳು, ಆಗುಂಬೆ ಕಡೆಯ ಮಳೆ. ಬಂದ ರಾತ್ರಿಯೇ ಮರ ಬಿದ್ದು ಕರೆಂಟ್ ಹೋಯಿತು. ಮೂರು ದಿನ ಬರಲಿಲ್ಲ. ನನ್ನ ಇಂಜೆಕ್ಷನ್ ಫ್ರಿಜ್‌ನಲ್ಲೇ ಇರಬೇಕು, ಎರಡರಿಂದ ಎಂಟು ಡಿಗ್ರಿಯಲ್ಲಿ. ಅಮ್ಮ ಅದನ್ನು ಫ್ಲಾಸ್ಕ್‌ನಲ್ಲಿ ಇಟ್ಟುಕೊಂಡು, ಬಸ್ ಹತ್ತಿ ಪೇಟೆಗೆ ಹೋದಳು. ಜನರೇಟರ್ ಇದ್ದ ಬೇಕರಿಯವರ ಫ್ರಿಜ್‌ನಲ್ಲಿ ಇಡಿಸಿದಳು. ಎಂತದ್ದು ಅಂತ ಅವರು ಕೇಳಿದರು. "ಸಕ್ಕರೆ ಕಾಯಿಲೆ ಇಂಜೆಕ್ಷನ್, ನನಗೆ" ಅಂದಳು. ಅಮ್ಮನಿಗೆ ಸಕ್ಕರೆ ಕಾಯಿಲೆ ಇಲ್ಲ. ಮದುವೆಯಾಗದ ಮಗಳ ಮೇಲೆ ಮಾತು ಬರಬಾರದು ಅಂತ ಹಾಗೆ ಹೇಳಿದಳು. ಅವತ್ತಿನಿಂದ ಇವತ್ತಿನವರೆಗೆ ಆ ಬೇಕರಿಯವರು ಅಮ್ಮನಿಗೆ ಸಕ್ಕರೆ ಇಲ್ಲದ ಕಾಫಿ ಕೊಡುತ್ತಾರೆ. ಅಮ್ಮ ಕುಡಿದು ಬರುತ್ತಾಳೆ.

"ಇಷ್ಟೆಲ್ಲ ಹೇಳಿ ಹುಡುಗಿಯರನ್ನು ಹೆದರಿಸ್ತೀಯಾ?" ಅಂತ ಒಬ್ಬ ಗೆಳತಿ ಕೇಳಿದಳು. ಯಾರೂ ಹೆದರುವುದಿಲ್ಲ. 33ಕ್ಕೆ ಕೋಟಿ ರೂಪಾಯಿಯ ಮನೆ ಸಾಲದ ಕಾಗದ ಓದಿ ಸಹಿ ಹಾಕುವ ಹುಡುಗಿಯರು ಇವರು. ಕ್ಯಾನ್ಸರ್ ಚಿಕಿತ್ಸೆಗೆ ಹೊರಟ ಹುಡುಗಿಯರಿಗಂತೂ ಇದನ್ನು ಕೀಮೋ ಶುರುವಾಗುವ ಮೊದಲೇ ಹೇಳಬೇಕು. ಕೀಮೋ ಮೊಟ್ಟೆಗಳನ್ನು ಸುಡಬಹುದು. ಅಂಥವರಿಗೆ ಮುಟ್ಟಿಗೆ ಕಾಯದೆ ಯಾವ ದಿನದಿಂದ ಬೇಕಾದರೂ ಶುರು ಮಾಡಬಹುದು, ಎರಡು ವಾರ ಸಾಕು. ಎಂಡೋಮೆಟ್ರಿಯೋಸಿಸ್‌ಗೆ (ಗರ್ಭಕೋಶದ ಒಳಪದರದಂಥದ್ದು ಹೊರಗೆ ಬೆಳೆಯುವ ಕಾಯಿಲೆ) ಅಂಡಾಶಯದ ಆಪರೇಷನ್ ಆಗುವವರೂ ಮೊದಲೇ ಕೇಳಿಕೊಳ್ಳಬೇಕು.

ರಾತ್ರಿ ತಂಗಿಗೆ ಫೋನ್ ಮಾಡಿ ಒಂದು ಗಂಟೆ ಮಾತಾಡಿದೆ. ಮೊದಲು ಎಎಂಎಚ್ ಅನ್ನುವ, ಮೊಟ್ಟೆ ಎಷ್ಟು ಉಳಿದಿವೆ ಅಂತ ಅಂದಾಜು ಕೊಡುವ ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಮಾಡಿಸು, ಒಂದು ಸೈಕಲ್‌ಗೆ ಸುಮಾರು ಎಷ್ಟು ಸಿಗಬಹುದು ಅಂತ ಅಂದಾಜು ಬರುತ್ತದೆ ಅಂದೆ. ಎಎಂಎಚ್ ಚೆನ್ನಾಗಿದ್ದರೆ ಮೊಟ್ಟೆ ಗುಣವೂ ಚೆನ್ನಾಗಿದೆ ಅಂತ ಅರ್ಥವಲ್ಲ, ಅದು ಎಣಿಕೆ ಮಾತ್ರ, ಗುಣ ಹೋಗುವುದು ವಯಸ್ಸಿನ ಹಿಂದೆ ಅಂತಲೂ ಹೇಳಿದೆ. ಎಷ್ಟು ಜನರ ಮೊಟ್ಟೆ ಇಟ್ಟಿದ್ದೀರಿ ಅಂತ ಕೇಳಬೇಡ. ಎಷ್ಟು ಜನ ವಾಪಸ್ ಬಂದು ಬಳಸಿದರು, ಅವರಲ್ಲಿ ಎಷ್ಟು ಜನರಿಗೆ ಮಗು ಹುಟ್ಟಿತು ಅಂತ ಕೇಳು. ಕಂಪನಿ ಕೊಡುವುದು ಯಾವುದಕ್ಕೆ? ಇಡುವುದಕ್ಕೆ ಮಾತ್ರವಾ? ನನಗೆ ಒಂದೇ ಸೈಕಲ್‌ಗೆ ಔಷಧಿ ಸೇರಿ ಒಂದೂ ಮುಕ್ಕಾಲು ಲಕ್ಷ ಆಗಿತ್ತು. ವರ್ಷ ವರ್ಷದ ಬಾಡಿಗೆ ಬೇರೆ. ಹೊರಗೆ ತೆಗೆದು ಭ್ರೂಣ ಮಾಡಿ ಒಳಗೆ ಹಾಕುವಾಗ ಮತ್ತೆ ದೊಡ್ಡ ಬಿಲ್ಲು.

ಕಾನೂನನ್ನೂ ಹೇಳಿದೆ. ಇಂಥ ಸಂತಾನ ಚಿಕಿತ್ಸೆಗಳಿಗೆ ಇರುವ 2021ರ ಎಆರ್‌ಟಿ ಕಾಯ್ದೆ 2022ರ ಜನವರಿಯಲ್ಲಿ ಜಾರಿಗೆ ಬಂತು. ಕ್ಲಿನಿಕ್ ನೋಂದಣಿ ಆಗಿರಲೇಬೇಕು. ಇಟ್ಟುಕೊಳ್ಳಲು 10 ವರ್ಷದ ಮಿತಿ ಇದೆ, ನಿನ್ನ ಕರಾರಿನಲ್ಲಿ ಏನು ಬರೆದಿದ್ದಾರೆ ಓದು. 50 ದಾಟಿದ ಮೇಲೆ ಈ ಚಿಕಿತ್ಸೆ ಮಾಡುವ ಹಾಗಿಲ್ಲ. ಮದುವೆಯಾಗದವಳೂ ತನ್ನ ಮೊಟ್ಟೆ ಬಳಸಿ ತಾಯಿಯಾಗಬಹುದು, ಆದರೆ ಬಾಡಿಗೆ ತಾಯಿಯ ದಾರಿ ಅವಳಿಗೆ ಇಲ್ಲ. ಅವಳು ಎಲ್ಲ ಬರೆದುಕೊಂಡಳು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಕ್ಕ, ನಿನಗೆ ಇದೆಲ್ಲ ಹೇಗೆ ಗೊತ್ತು?" ಅಂದಳು. ಹೇಳಿದೆ. ಇಬ್ಬರೂ ಅತ್ತೆವು. ಮುಂದಿನ ಶನಿವಾರ ಅವಳ ಜತೆ ನಾನೂ ಹೋಗುತ್ತಿದ್ದೇನೆ.

ಇದನ್ನು ಇಲ್ಲಿ ಹಾಕುವ ಮೊದಲು ಅಮ್ಮನಿಗೆ ಓದಿ ಹೇಳಿದೆ. ಬೇಕರಿ ವಿಷಯ ಬೇಡ ಅನ್ನುತ್ತಾಳೇನೋ ಅಂದುಕೊಂಡಿದ್ದೆ. ಅಕ್ಕಿ ಆರಿಸುತ್ತಿದ್ದಳು, ಮೊರದಿಂದ ತಲೆ ಎತ್ತಲಿಲ್ಲ.

"ಹಾಕು. ಇನ್ನಾದರೂ ಅವರ ಹತ್ರ ಸಕ್ಕರೆ ಹಾಕಿದ ಕಾಫಿ ಕೇಳಬಹುದು" ಅಂದಳು.