ಲಾ ಲಿಗಾ ಆಡದೇ ಹೋದ ಪಿಚಿಚಿ

ಸ್ಪೇನಿನ ಫುಟ್‌ಬಾಲ್ ಲೀಗ್ ಆದ ಲಾ ಲಿಗಾದಲ್ಲಿ ಜಾಸ್ತಿ ಗೋಲು ಹೊಡೆದವರಿಗೆ ಪಿಚಿಚಿ ಪ್ರಶಸ್ತಿ ಕೊಡುತ್ತಾರೆ. ನಿಮ್ಮ ಲೇಖನದಲ್ಲಿ ಮೆಸ್ಸಿ ಅದನ್ನು ಎಷ್ಟು ಸಲ ಗೆದ್ದ ಅಂತ ಬರೆದಿದ್ದೀರಿ, ಆದರೆ ಆ ಹೆಸರಿನ ಮನುಷ್ಯನ ಬಗ್ಗೆ ಒಂದು ಸಾಲೂ ಇಲ್ಲ. ಅದು ಬೇಕಿತ್ತು ಅಲ್ವಾ? ಅವನ ನಿಜವಾದ ಹೆಸರು ರಫಾಯೆಲ್ ಮೊರೆನೊ. 1892ರಲ್ಲಿ ಸ್ಪೇನಿನ ಬಿಲ್ಬಾವ್‌ನಲ್ಲಿ ಹುಟ್ಟಿದವನು, ಕುಳ್ಳಗಿನ ಆಳು, ತಲೆಗೆ ಬಿಳಿ ಬಟ್ಟೆ ಕಟ್ಟಿಕೊಂಡು ಆಡುತ್ತಿದ್ದ. 1913ರಲ್ಲಿ ಆ ಊರಿನ ಅಥ್ಲೆಟಿಕ್ ಫುಟ್‌ಬಾಲ್ ತಂಡದ ಸಾನ್ ಮಮೆಸ್ ಮೈದಾನ ಶುರುವಾದಾಗ ಅಲ್ಲಿನ ಮೊದಲ ಗೋಲು ಇವನದೇ. ಅಥ್ಲೆಟಿಕ್ ತಂಡದ ಜೊತೆ ಸ್ಪೇನ್ ಕಪ್ ನಾಲ್ಕು ಸಲ ಗೆದ್ದ, ಅದರಲ್ಲಿ 1914ರಿಂದ 1916ರವರೆಗೆ ಸತತ ಮೂರು. 1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ನಲ್ಲಿ ಸ್ಪೇನ್ ಬೆಳ್ಳಿ ಗೆದ್ದಾಗಲೂ ತಂಡದಲ್ಲಿದ್ದ.

1921ರಲ್ಲಿ ಆಟ ಬಿಟ್ಟ. ಮರುವರ್ಷವೇ ಜ್ವರ ಬಂದು ತೀರಿಕೊಂಡ, ಆಗಿನ್ನೂ 29 ವಯಸ್ಸು. ಲಾ ಲಿಗಾ ಶುರುವಾಗಿದ್ದೇ 1929ರಲ್ಲಿ, ಅಂದರೆ ಅಲ್ಲಿ ಜಾಸ್ತಿ ಗೋಲು ಹೊಡೆದವರಿಗೆ ಯಾರ ಹೆಸರಿನ ಪ್ರಶಸ್ತಿ ಕೊಡುತ್ತಾರೋ ಅವನು ಆ ಲೀಗಿನಲ್ಲಿ ಒಂದೇ ಒಂದು ಪಂದ್ಯವನ್ನೂ ಆಡಿಲ್ಲ! ನನಗೆ ತುಂಬ ಇಷ್ಟವಾಗುವುದು ಇನ್ನೊಂದು ವಿಷಯ. ಸಾನ್ ಮಮೆಸ್‌ನಲ್ಲಿ ಅವನ ಅರ್ಧಪ್ರತಿಮೆ ಇದೆ, ಅಲ್ಲಿಗೆ ಮೊದಲ ಸಲ ಆಡಲು ಬರುವ ತಂಡದ ನಾಯಕ ಅದರ ಮುಂದೆ ಹೂವು ಇಡುತ್ತಾನೆ.