ಸರ್ಕಾರ ಬಿದ್ದರೆ ನರ್ಸ್ ಸಂಬಳ ಯಾರು ಕೊಡಬೇಕು?

ಯುದ್ಧದಲ್ಲಿ ನಲುಗಿದ ದೇಶಕ್ಕೆ ಆರೋಗ್ಯ ವ್ಯವಸ್ಥೆ ಕಟ್ಟಿಕೊಡುತ್ತೇವೆ ಅಂತ ಯಾರಾದರೂ ಹೊರಟರೆ, ಮೊದಲ ದಿನವೇ ಈ ಪ್ರಶ್ನೆ ಕೇಳಬೇಕು. ಅಫ್ಘಾನಿಸ್ತಾನದಲ್ಲಿ ಇದಕ್ಕೆ ಉತ್ತರ ಬರೆದಿಟ್ಟಿರಲಿಲ್ಲ.

2002ರಲ್ಲಿ ಅಲ್ಲಿ ಒಂದು ಸಮೀಕ್ಷೆ ನಡೆಯಿತು. ಒಂದು ಲಕ್ಷ ಜೀವಂತ ಜನನಕ್ಕೆ ಸುಮಾರು 1,600 ತಾಯಂದಿರು ಸಾಯುತ್ತಿದ್ದರು. ಬದಖ್‌ಶಾನ್ ಪ್ರಾಂತ್ಯದ ರಾಘ್ ಎಂಬ ಗುಡ್ಡಗಾಡು ಜಿಲ್ಲೆಯಲ್ಲಿ ಈ ಲೆಕ್ಕ 6,500! ಗಂಡಸು ಡಾಕ್ಟರ ಹತ್ತಿರ ಹೆರಿಗೆಗೆ ಹೋಗುವುದು ಅಲ್ಲಿನ ಹಳ್ಳಿಗಳಲ್ಲಿ ಆಗದ ಮಾತು. ತರಬೇತಿ ಪಡೆದ ಹೆಂಗಸರೋ, ಬೆರಳೆಣಿಕೆ.

2003ರಲ್ಲಿ ಆರೋಗ್ಯ ಸಚಿವಾಲಯ ಒಂದು ಪಟ್ಟಿ ಮಾಡಿತು. ಹೆರಿಗೆ, ಲಸಿಕೆ, ಮಕ್ಕಳ ಕಾಯಿಲೆ, ಕ್ಷಯ, ಮಲೇರಿಯಾ. ಇಷ್ಟು ಎಲ್ಲ ಕಡೆ ಸಿಗಲಿ, ಮಿಕ್ಕಿದ್ದು ಆಮೇಲೆ. ಕ್ಲಿನಿಕ್ ನಡೆಸುವ ಗುತ್ತಿಗೆ ಹೆಚ್ಚಾಗಿ ಸ್ವಯಂಸೇವಾ ಸಂಸ್ಥೆಗಳಿಗೆ. ದುಡ್ಡು ವಿಶ್ವಬ್ಯಾಂಕ್, ಅಮೆರಿಕ, ಯುರೋಪಿನದು. ಸರ್ಕಾರದ ಕೆಲಸವನ್ನು ಹೊರಗಿನವರಿಗೆ ಕೊಟ್ಟರು ಅಂತ ಬೈಯುವವರಿದ್ದಾರೆ. ನಾನು ಬೈಯಲ್ಲ. ಸರ್ಕಾರ ಗಟ್ಟಿಯಾಗಲಿ ಅಂತ ಬಸುರಿ ಕಾಯುತ್ತಾ ಕೂರೋಕಾಗುತ್ತಾ?

ಅದರಲ್ಲಿ ನನಗೆ ತುಂಬ ಹಿಡಿಸಿದ್ದು ಸೂಲಗಿತ್ತಿಯರ ತರಬೇತಿ. ಹಳ್ಳಿಯವರೇ ತಮ್ಮೂರ ಹುಡುಗಿಯನ್ನು ಆರಿಸಿ ಕಳಿಸಬೇಕು. ಒಂದೂವರೆ, ಎರಡು ವರ್ಷ ಕಲಿತು ಅವಳು ಅಲ್ಲಿಗೇ ಮರಳಬೇಕು. ಮನೆಯಲ್ಲಿ ಅಪ್ಪ, ಗಂಡ ಒಪ್ಪದಿದ್ದರೆ ಈ ಯೋಜನೆ ನಡೆಯುತ್ತಲೇ ಇರಲಿಲ್ಲ. ಒಪ್ಪಿದರು. ಸಾವಿರಾರು ಹೆಂಗಸರು ಕೆಲಸಕ್ಕೆ ಬಂದರು. 2020ರ ಅಂದಾಜಿನಲ್ಲಿ ಆ 1,600 ಸುಮಾರು 620ಕ್ಕೆ ಇಳಿದಿತ್ತು. (ಎರಡು ಅಂಕಿ ತೆಗೆದ ರೀತಿ ಬೇರೆ ಬೇರೆ, ಕಣ್ಮುಚ್ಚಿ ಕಳೆದು ಲೆಕ್ಕ ಹಾಕಬೇಡಿ.)

2021ರ ಆಗಸ್ಟ್‌ನಲ್ಲಿ ತಾಲಿಬಾನ್ ಕಾಬೂಲ್‌ಗೆ ಬಂತು. ದಾನಿಗಳು ದುಡ್ಡು ನಿಲ್ಲಿಸಿದರು. ಸೆಪ್ಟೆಂಬರ್ ಹೊತ್ತಿಗೆ ಗುತ್ತಿಗೆಯಲ್ಲಿ ನಡೆಯುತ್ತಿದ್ದ ಆ ಕ್ಲಿನಿಕ್‌ಗಳಲ್ಲಿ ಪೂರ್ತಿ ನಡೆಯುತ್ತಿದ್ದದ್ದು ಶೇ. 17 ಮಾತ್ರ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ಬಾಂಬ್ ಬಿದ್ದು ಮುಚ್ಚಿದ್ದಲ್ಲ ಇವು. ಸಂಬಳ ಇಲ್ಲ, ಔಷಧ ಇಲ್ಲ, ಅಷ್ಟೇ. ಆಮೇಲೆ ವಿಶ್ವಸಂಸ್ಥೆಯ ಸಂಸ್ಥೆಗಳ ಮೂಲಕ ಹಣ ಕಳಿಸುವ ದಾರಿ ಸಿಕ್ಕಿತು. ಅಂದರೆ ದಾರಿ ಇತ್ತು, ಮೊದಲೇ ಯೋಚಿಸಿರಲಿಲ್ಲ. ಗುತ್ತಿಗೆ ಪತ್ರದಲ್ಲಿ ನೂರೆಂಟು ಷರತ್ತು ಬರೆಯುವವರು ಇದೊಂದನ್ನು ಬರೆಯಬಹುದಿತ್ತು ಅಲ್ವಾ?

2024ರ ಡಿಸೆಂಬರ್‌ನಲ್ಲಿ ತಾಲಿಬಾನ್ ಹೆಂಗಸರ ನರ್ಸಿಂಗ್, ಸೂಲಗಿತ್ತಿ ತರಬೇತಿಯನ್ನೂ ನಿಲ್ಲಿಸಿತು. ಇದನ್ನು ಯಾವ ಷರತ್ತೂ ತಡೆಯುತ್ತಿರಲಿಲ್ಲ. ತಾಲಿಬಾನ್ ಮೇಲಿನ ಸಿಟ್ಟಿಗೆ ಆರೋಗ್ಯದ ದುಡ್ಡೂ ಕಟ್ ಮಾಡಿ ಅನ್ನುವವರಿಗೆ ನನ್ನ ಉತ್ತರ ಇಷ್ಟೇ: ಹೊಸಬರು ಬರುವ ಬಾಗಿಲು ಮುಚ್ಚಿದೆ, ಈಗಿರುವ ಸೂಲಗಿತ್ತಿಯರ ಸಂಬಳ ಒಂದು ತಿಂಗಳೂ ತಪ್ಪಬಾರದು.