ನೀರೊಳಗಿನ ಎಮ್ಮೆಗೆ ದಂಡೆಯ ಮೇಲೆ ಬೆಲೆ ಕಟ್ಟಬೇಡಿ

ಬೆಳಗಾವಿಯಲ್ಲಿದ್ದುಕೊಂಡು ಗ್ರೀಸ್‌ನ ಹಳೆಯ ಹಾಯಿನೌಕೆಯೊಂದನ್ನು ಕೊಳ್ಳಲು ನಾವು ಮೂವರು ಗೆಳೆಯರು ಮುಂದಾದಾಗ, ಅದನ್ನು ರಾಕಸಕೊಪ್ಪ ಜಲಾಶಯದಲ್ಲಿ ಬಿಡುವಿರೇನು ಎಂದು ಕೇಳಿ ನಕ್ಕವರೇ ಹೆಚ್ಚು. ಚೋರ್ಲಾ ಘಾಟ್ ಇಳಿದರೆ ಸಮುದ್ರವಿದೆ ಎಂಬುದನ್ನು ನಾವು ಮರೆತಿರುತ್ತೇವೆ. ನಮ್ಮ ಖಾನಾಪುರದ ಕಾಡಿನಲ್ಲಿ ಹುಟ್ಟುವ ಮಹದಾಯಿ ನಮಗೆ ಬರೀ ವ್ಯಾಜ್ಯದ ಹೆಸರು. ಆದರೆ ಅದೇ ಹೆಸರಿನ, ಗೋವಾದಲ್ಲಿ ಕಟ್ಟಿದ ನೌಕಾಪಡೆಯ ಹಾಯಿನೌಕೆಯಲ್ಲಿ ಅಭಿಲಾಷ್ ಟಾಮಿ 2013ರಲ್ಲಿ, ಎಲ್ಲಿಯೂ ನಿಲ್ಲದೆ ಒಬ್ಬರೇ ಜಗತ್ತನ್ನು ಸುತ್ತಿ ಬಂದರು.

ನಾವು ನೋಡಿದ್ದು 1986ರಲ್ಲಿ ಕಟ್ಟಿದ 34 ಅಡಿಯ ಫೈಬರ್‌ಗ್ಲಾಸ್ ನೌಕೆ. ವಯಸ್ಸು ನನ್ನನ್ನು ಹೆದರಿಸಲಿಲ್ಲ. ಟಾಮಿ 2023ರಲ್ಲಿ ಎರಡನೆಯವರಾಗಿ ಮುಗಿಸಿದ ಗೋಲ್ಡನ್ ಗ್ಲೋಬ್ ಎಂಬ, ಒಬ್ಬರೇ ಜಗತ್ತು ಸುತ್ತುವ ಹಾಯಿನೌಕೆ ಸ್ಪರ್ಧೆಗೆ 1988ಕ್ಕೂ ಹಿಂದಿನ ವಿನ್ಯಾಸದ ನೌಕೆಗಳಿಗೆ ಮಾತ್ರ ಪ್ರವೇಶ. ಹೆದರಬೇಕಾದದ್ದು ಚಿತ್ರಗಳಿಗೆ. ಮಿರುಗುವ ಮರಗೆಲಸ, ಹೊಸ ಮೆತ್ತೆ, ಹಿಂದೆ ನೀಲಿ ಸಮುದ್ರ. ಬೆಲೆ ನಿರ್ಧರಿಸುವ ಭಾಗವೆಲ್ಲ ನೀರಿನ ಕೆಳಗೆ.

ಆದ್ದರಿಂದ ಮುಂಗಡ ಕೊಡುವ ಮೊದಲೇ, ಮಾರುವವರಿಗಾಗಲಿ ದಲ್ಲಾಳಿಗಾಗಲಿ ಸಂಬಂಧವಿಲ್ಲದ, ನೌಕೆಗಳನ್ನು ಪರೀಕ್ಷಿಸುವ ಸರ್ವೇಯರ್ ಒಬ್ಬರನ್ನು ನಮ್ಮ ಖರ್ಚಿನಲ್ಲಿ ನೇಮಿಸಿ, ಕ್ರೇನ್‌ನಿಂದ ನೌಕೆಯನ್ನು ದಡಕ್ಕೆ ಎತ್ತಿಸಿದೆವು. ಅವರು ಕಳುಹಿಸಿದ ವಿಡಿಯೊದಲ್ಲಿ ಸಣ್ಣ ಸುತ್ತಿಗೆಯಿಂದ ಡೆಕ್ಕನ್ನು ತಟ್ಟುತ್ತ ಹೋಗುತ್ತಾರೆ: ಟಕ್, ಟಕ್, ಟಕ್; ಹಾಯಿಕಂಬದ ಉಕ್ಕಿನ ತಂತಿಗಳನ್ನು ಬಿಗಿದ ಪಟ್ಟಿಯ ಬಳಿ ಬಂದಾಗ ‘ದಪ್’. ಉದ್ಯಮಬಾಗದ ಫೌಂಡ್ರಿಯಲ್ಲಿ ಇಪ್ಪತ್ತು ವರ್ಷ ಎರಕ ತಟ್ಟಿ ಬಿರುಕು ಗುರುತಿಸಿದ ನನಗೆ ಆ ಸದ್ದಿಗೆ ವಿವರಣೆ ಬೇಕಾಗಲಿಲ್ಲ. ಪಟ್ಟಿಯ ಅಂಚಿನಿಂದ ವರ್ಷಗಟ್ಟಲೆ ಇಳಿದ ನೀರು, ಎರಡು ಫೈಬರ್ ಪದರಗಳ ನಡುವಿನ ಹಗುರ ಬಾಲ್ಸಾ ಮರವನ್ನು ಕೊಳೆಸಿತ್ತು. ನೌಕೆ ಮಗುಚದಂತೆ ತಳಕ್ಕೆ ಬೋಲ್ಟುಗಳಿಂದ ಬಿಗಿದ ಎರಕದ ಕಬ್ಬಿಣದ ಭಾರ, ಅಂದರೆ ಕೀಲ್, ಒಡಲಿಗೆ ಸೇರುವ ಗೆರೆಯಲ್ಲಿ ತುಕ್ಕಿನ ನೀರು ಸೋರಿದ ಗುರುತಿತ್ತು; ಅಂದರೆ ಬೋಲ್ಟುಗಳ ಮೇಲೂ ಅನುಮಾನ. ತಂತಿಗಳನ್ನು ಬದಲಿಸಿದ ದಾಖಲೆಯೇ ಇರಲಿಲ್ಲ, ಹತ್ತು ವರ್ಷ ದಾಟಿದ ತಂತಿಗಳನ್ನು ಅನೇಕ ವಿಮಾ ಕಂಪನಿಗಳು ಒಪ್ಪುವುದಿಲ್ಲ.

ಕಾಗದಪತ್ರದ ವಿಷಯದಲ್ಲಿ ನಮ್ಮವರು ಹೊಲ ಕೊಳ್ಳುವಾಗ ಉತಾರ ನೋಡುವಷ್ಟು ಎಚ್ಚರವನ್ನು ಇಲ್ಲಿಯೂ ತೋರಬೇಕು. ನೌಕೆ ಎಲ್ಲಿಯೇ ನಿಂತಿರಲಿ, ನೋಂದಣಿ ಬ್ರಿಟನ್ನಿನದಾಗಿದ್ದರೆ, ಅಲ್ಲಿನ ಸಣ್ಣ ನೌಕೆಗಳ ನೋಂದಣಿ ಪತ್ರ ಒಡೆತನಕ್ಕೆ ಪುರಾವೆಯಲ್ಲ. ಹಿಂದಿನ ಮಾರಾಟ ಪತ್ರಗಳ ಸರಪಳಿಯನ್ನು ಕೇಳಬೇಕು, ಏಕೆಂದರೆ ಹಳೆಯ ಮಾಲೀಕನ ಸಾಲ ನೌಕೆಯ ಬೆನ್ನಿಗೇ ಬರಬಹುದು.

ಇನ್ನು ತರುವ ಮಾತು. 2023ರ ನವೆಂಬರ್‌ನಿಂದ ಹಡಗುಗಳ ಮೇಲೆ ನಡೆದ ದಾಳಿಗಳ ನಂತರ ಕೆಂಪು ಸಮುದ್ರದ ಹತ್ತಿರದ ದಾರಿಯನ್ನು ನಾನಂತೂ ಲೆಕ್ಕಕ್ಕೆ ಹಿಡಿಯಲಾರೆ. ಆಫ್ರಿಕಾ ಸುತ್ತಬೇಕು, ಇಲ್ಲವೇ ಸರಕು ಹಡಗಿನ ಮೇಲೆ ಹೇರಿ ತರಬೇಕು. ಬಂದ ಮೇಲೆ ಆಮದು ಸುಂಕ, ಅದರ ಮೇಲೆ 2025ರ ಸೆಪ್ಟೆಂಬರ್ 22ರಿಂದ ಶೇ. 40ರ ಜಿಎಸ್‌ಟಿ. ಅಗ್ಗದ ನೌಕೆ ಎಂಬ ಮಾತು ಇಲ್ಲಿಗೆ ಮುಗಿಯುತ್ತದೆ.

ಸರ್ವೇ ವರದಿ ಕಳುಹಿಸಿದಾಗ ಮಾರುವವರು ಬೆಲೆಯನ್ನು ಮೂರನೇ ಒಂದು ಭಾಗ ಇಳಿಸಿದರು. ಗೆಳೆಯರಿಬ್ಬರೂ ಮೆತ್ತಗಾದರು, ನಾನು ಒಪ್ಪಲಿಲ್ಲ. ಸರ್ವೇ ಮತ್ತು ಕ್ರೇನಿನ ಹಣ ಹೋಯಿತು ಎಂದು ಅವರು ಇಂದಿಗೂ ಕೊರಗುತ್ತಾರೆ. ಮೊನ್ನೆ ಇನ್ನೊಂದು ನೌಕೆಯ ಚಿತ್ರಗಳು ಬಂದಿವೆ. ಅದು ನೀರಿನಲ್ಲಿದೆಯೋ ದಡದಲ್ಲಿದೆಯೋ ಎಂದು ಕೇಳಿ ಬರೆದಿದ್ದೇನೆ, ಉತ್ತರ ಬಂದಿಲ್ಲ.